ಕೇಳದೆ ಕಳಿಸಬೇಡಿ

ಇವತ್ತು ಬೆಳಿಗ್ಗೆ ಚಿಕ್ಕಮಗಳೂರು ಬಸ್ ಸ್ಟ್ಯಾಂಡ್ ಹತ್ತಿರ ಕಾಫಿ ಕುಡಿಯುತ್ತಾ ನಿಂತಿದ್ದೆ. ಪಕ್ಕದಲ್ಲಿ ಅಸ್ಸಾಮಿನ ಒಬ್ಬ ಹುಡುಗ. ತೋಟಕ್ಕೆ ಹಣ್ಣು ಕುಯ್ಯಲು ಬಂದವನು, ಉಗುರಿನ ಸಂದೆಲ್ಲ ಕಪ್ಪಾಗಿತ್ತು. ಹಿರಿಯರೊಬ್ಬರು ‘ಏನೋ, ಬಾಂಗ್ಲಾದವನಾ?’ ಅಂದರು. ಹುಡುಗ ಮಾತಾಡಲಿಲ್ಲ. ಅಂಗಿ ಜೇಬಿಂದ ಪ್ಲಾಸ್ಟಿಕ್ ಕವರ್ ತೆಗೆದ. ಅದರೊಳಗೆ ಇನ್ನೊಂದು ಕವರ್, ಅದರೊಳಗೆ ಆಧಾರ್ ಕಾರ್ಡು. ಎರಡೂ ಕೈಯಲ್ಲಿ ಹಿಡಿದು ತೋರಿಸಿದ. ಅವರು ನೋಡಲೂ ಇಲ್ಲ. ‘ಇಂಥವರನ್ನೆಲ್ಲ ಬಸ್ಸಿಗೆ ತುಂಬಿ ಗಡಿ ದಾಟಿಸಬೇಕು. ಇದಕ್ಕೆಲ್ಲ ಕೋರ್ಟು ಕಚೇರಿ ಯಾಕೆ?’ ಅಂದರು.

ನಾನು ಸುಮ್ನೆ ದುಡ್ಡು ಕೊಟ್ಟು ಬಂದುಬಿಟ್ಟೆ. ಆಗಿಂದ ಹೊಟ್ಟೆಯೊಳಗೆ ಸಂಕಟ.

ಕೋರ್ಟು ಯಾಕೆ ಅಂತ ಜಮ್ಮುವಿನ ಆ ಹೆಂಗಸಿನ ಮನೆಯವರನ್ನು ಕೇಳಬೇಕು. ವಯಸ್ಸು 60 ದಾಟಿತ್ತು. ಪಾಕಿಸ್ತಾನದ ಪ್ರಜೆ, ಆದರೆ 38 ವರ್ಷದಿಂದ ಜಮ್ಮುವಿನಲ್ಲೇ ಸಂಸಾರ. ಗಂಡ, ಇಬ್ಬರು ಮಕ್ಕಳು ಇಲ್ಲಿಯವರು. ಕದ್ದು ಇದ್ದವರಲ್ಲ, ದೀರ್ಘಾವಧಿ ವೀಸಾ ಮೇಲೆ ಇದ್ದವರು. ಪಹಲ್ಗಾಮ್‌ನಲ್ಲಿ ಉಗ್ರರ ದಾಳಿ ಆದ ಮೇಲೆ ಸರ್ಕಾರ ಪಾಕಿಸ್ತಾನದ ಪ್ರಜೆಗಳನ್ನು ವಾಪಸ್ ಕಳಿಸತೊಡಗಿತು. 2025ರ ಏಪ್ರಿಲ್ ಕೊನೆಯಲ್ಲಿ ಅವರನ್ನೂ ಅಟ್ಟಾರಿ ಗಡಿಯಿಂದ ಆಚೆ ಕಳಿಸಿದರು. ಅಲ್ಲಿ ಅವಳಿಗೆ ಯಾರೂ ಇಲ್ಲ, ಕಾಯಿಲೆ ಬೇರೆ ಇದೆ ಅಂತ ಗಂಡ ಕೋರ್ಟಿನಲ್ಲಿ ಹೇಳಿಕೊಂಡರು.

ಜೂನ್ 6ರಂದು ಜಮ್ಮು-ಕಾಶ್ಮೀರದ ಹೈಕೋರ್ಟ್ ಅವರನ್ನು 10 ದಿನದಲ್ಲಿ ವಾಪಸ್ ಕರೆತನ್ನಿ ಅಂತ ಆದೇಶ ಮಾಡಿತು. ಮಾನವ ಹಕ್ಕು ಎಲ್ಲಕ್ಕಿಂತ ಪವಿತ್ರ ಅಂದಿತು. ಅವರ ವಿಷಯ ಸರಿಯಾಗಿ ಪರಿಶೀಲಿಸದೆ, ಸರಿಯಾದ ಆದೇಶವನ್ನೂ ಹೊರಡಿಸದೆ ಕಳಿಸಿದ್ದೀರಿ ಅಂತಲೂ ಹೇಳಿತು. ಕೇಂದ್ರ ಸರ್ಕಾರ ಮೇಲ್ಮನವಿ ಹಾಕಿತು, ಆಮೇಲೆ ವಿಸಿಟರ್ ವೀಸಾ ಕೊಡಲು ಒಪ್ಪಿತು. 38 ವರ್ಷ ಬಾಳಿದ ಮನೆಗೆ ವಿಸಿಟರ್! ಒಂದು ಸಲ ಕೂರಿಸಿ ಕೇಳಿದ್ದರೆ ಇಷ್ಟೆಲ್ಲ ಆಗುತ್ತಿತ್ತಾ?

ಪಹಲ್ಗಾಮ್ ಮರೆತೆಯಾ ಅಂತ ಕೆಲವರು ಕೇಳುತ್ತೀರಿ. ಮರೆತಿಲ್ಲ. ಸತ್ತ 26 ಜನರಲ್ಲಿ ನಮ್ಮ ಪಕ್ಕದ ಶಿವಮೊಗ್ಗದವರೂ ಇದ್ದರು. ಆ ಸಿಟ್ಟು ನನಗೂ ಇದೆ. ಆದರೆ ಕೊಂದವರ ಮೇಲಿನ ಸಿಟ್ಟನ್ನು ಕಾಯಿಲೆಯ ಮುದುಕಿಯ ಮೇಲೆ ತೀರಿಸಿಕೊಂಡರೆ ಯಾರಿಗೆ ನ್ಯಾಯ ಸಿಕ್ಕ ಹಾಗಾಯಿತು? ವಿದೇಶಿಯರಿಗೆ ಇಲ್ಲೇ ನೆಲೆಸುವ ಮೂಲಭೂತ ಹಕ್ಕಿಲ್ಲ, ಸಂವಿಧಾನದ 19ನೇ ವಿಧಿ ನಾಗರಿಕರಿಗೆ ಮಾತ್ರ. ಅದನ್ನೂ ಒಪ್ಪಿದೆ. ಆದರೆ ಜೀವದ, ಸ್ವಾತಂತ್ರ್ಯದ ಹಕ್ಕು ಕೊಡುವ 21ನೇ ವಿಧಿ ಓದಿ ನೋಡಿ. ಅಲ್ಲಿ ಇರುವುದು ‘ವ್ಯಕ್ತಿ’ ಅಂತ, ನಾಗರಿಕ ಅಂತ ಅಲ್ಲ. ಹಿಂದಿನ ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದು ಅರುಣಾಚಲದಲ್ಲಿ ನೆಲೆಸಿದ್ದ ಚಕ್ಮಾ ಜನರನ್ನು ಓಡಿಸಲು ಹೊರಟಾಗ 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ. ನಾಗರಿಕನಾಗಲಿ, ಅಲ್ಲದಿರಲಿ, ಜೀವ ಕಾಯುವುದು ಸರ್ಕಾರದ ಕೆಲಸ. ಕಳಿಸಲೇಬೇಕು ಅಂದರೆ ಕಾನೂನಿನ ದಾರಿಯಲ್ಲಿ ಕಳಿಸಿ. ಅದಕ್ಕೆ ಮುಂಚೆ ಅವರ ಮಾತು ಕೇಳಿ. ನಾನು ಹೇಳುತ್ತಿರುವುದು ಇಷ್ಟೇ.

38 ವರ್ಷ ಅಂದರೆ ಎಷ್ಟು ಅಂತ ನನಗೆ ಗೊತ್ತು. ಅಮ್ಮ ಕೊಪ್ಪದಿಂದ ಈ ಮನೆಗೆ ಮದುವೆಯಾಗಿ ಬಂದು ಅಷ್ಟೇ ವರ್ಷ ಆಯಿತು. ತವರುಮನೆ ಮಾರಿ ಹೋಗಿದೆ. ಈಗ ಕೊಪ್ಪದಲ್ಲಿ ಬಿಟ್ಟು ಬಂದರೆ ಅಮ್ಮ ಯಾರ ಬಾಗಿಲು ತಟ್ಟಬೇಕು? ಅದು ಇದೇ ಜಿಲ್ಲೆ, ಇದೇ ಭಾಷೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಆ ಹೆಂಗಸಿನ ಕಥೆ ಹೇಳಿದೆ. ಅಮ್ಮ ಬಡಿಸುವ ಸೌಟು ಹಿಡಿದು ನಿಂತೇ ಕೇಳಿದರು. ‘ಅಲ್ಲಿ ಅವಳಿಗೆ ಮಾತ್ರೆ ಯಾರು ತಂದುಕೊಡ್ತಿದ್ರೋ?’ ಅಂದರು.

ನಾಳೆ ಬೆಳಿಗ್ಗೆ ಅದೇ ಅಂಗಡಿಗೆ ಹೋಗುತ್ತೇನೆ. ಆ ಹಿರಿಯರು ದಿನಾ ಏಳೂವರೆಗೆ ಬರುತ್ತಾರೆ.