ಆಟೋಮ್ಯಾಟಿಕ್ ಸರಿ, ಆದರೆ ಯಾವ ಗೇರ್‌ಬಾಕ್ಸ್?

ಆಟೋಮ್ಯಾಟಿಕ್ ಕಾರು ಕೊಳ್ಳುವುದೋ, ಮ್ಯಾನ್ಯುವಲ್ ಸಾಕೋ ಎಂದು ಸ್ನೇಹಿತರು ಆಗಾಗ ಕೇಳುತ್ತಾರೆ. ಬೆಂಗಳೂರಿನ ಸಿಲ್ಕ್ ಬೋರ್ಡ್, ಮಾರತ್ತಹಳ್ಳಿ ಕಡೆಯ ಟ್ರಾಫಿಕ್‌ನಲ್ಲಿ ದಿನವೂ ಓಡಾಡುವವರಿಗೆ ಆಟೋಮ್ಯಾಟಿಕ್ ಬೇಡವೆಂದು ನಾನು ಹೇಳಲಾರೆ. ಆದರೆ ಆ ಒಂದೇ ಹೆಸರಿನಲ್ಲಿ ಮಾರಾಟವಾಗುವ ಬೇರೆ ಬೇರೆ ಗೇರ್‌ಬಾಕ್ಸ್‌ಗಳ ವ್ಯತ್ಯಾಸವನ್ನು ಬಿಡಿಸಿ ಹೇಳದೆ ಕಾರು ಮಾರುವುದು ಗ್ರಾಹಕರಿಗೆ ಮಾಡುವ ಅನ್ಯಾಯವೆಂದೇ ನನ್ನ ಅಭಿಪ್ರಾಯ.

2014ರಲ್ಲಿ ಮಾರುತಿ ಸೆಲೆರಿಯೊದೊಂದಿಗೆ ನಮ್ಮಲ್ಲಿ ಹೆಸರಾದ ಎಎಂಟಿಯನ್ನೇ (ಆಟೊಮೇಟೆಡ್ ಮ್ಯಾನ್ಯುವಲ್ ಟ್ರಾನ್ಸ್‌ಮಿಷನ್) ನೋಡಿ. ಅದರೊಳಗಿರುವುದು ಮಾಮೂಲಿ ಮ್ಯಾನ್ಯುವಲ್ ಗೇರ್‌ಬಾಕ್ಸ್. ಕ್ಲಚ್ ಒತ್ತುವ, ಗೇರ್ ಬದಲಿಸುವ ಕೆಲಸವನ್ನಷ್ಟೇ ನಮ್ಮ ಬದಲು ಆಕ್ಚುಯೇಟರ್ ಎಂಬ ಯಂತ್ರಭಾಗ ಮಾಡುತ್ತದೆ. ಹೀಗಾಗಿ ಫ್ಲೈಓವರ್ ಏರಿನಲ್ಲಿ ಬ್ರೇಕ್ ಹಿಡಿಯದೆ ಆಕ್ಸಿಲರೇಟರ್ ಮೇಲೆಯೇ ಕಾರನ್ನು ನಿಲ್ಲಿಸಿಕೊಂಡರೆ, ಹಾಫ್ ಕ್ಲಚ್‌ನಲ್ಲಿ ನಿಂತ ಮ್ಯಾನ್ಯುವಲ್ ಕಾರಿನಂತೆಯೇ ಕ್ಲಚ್ ಪ್ಲೇಟ್ ಜಾರಿ, ಬಿಸಿಯಾಗಿ, ಸುಟ್ಟ ವಾಸನೆ ಬರುತ್ತದೆ. ಎಡಗಾಲಿಗೆ ಕೆಲಸವಿಲ್ಲದ ಕಾರಣ ಕ್ಲಚ್ ಸವೆಯುತ್ತಿರುವುದು ಚಾಲಕನ ಗಮನಕ್ಕೇ ಬರುವುದಿಲ್ಲ. ಡ್ರೈ ಕ್ಲಚ್ (ಆಯಿಲ್‌ನಲ್ಲಿ ಮುಳುಗಿರದ ಕ್ಲಚ್) ಇರುವ ಡಿಸಿಟಿಯ, ಅಂದರೆ ಎರಡು ಕ್ಲಚ್‌ಗಳ ಗೇರ್‌ಬಾಕ್ಸಿನ, ಕಷ್ಟವೂ ಇದೇ: ಹೆದ್ದಾರಿಯಲ್ಲಿ ಗೇರ್ ಬದಲಾದದ್ದೇ ತಿಳಿಯದಷ್ಟು ನಯವಾಗಿದ್ದರೂ, ಅಡಿ ಅಡಿಯಾಗಿ ತೆವಳುವ ಟ್ರಾಫಿಕ್‌ನಲ್ಲಿ ಅದರ ಕ್ಲಚ್ ಬೇಗ ಕಾಯುತ್ತದೆ. ಮುಂದಿನ ಗಾಡಿ ಸ್ವಲ್ಪ ದೂರ ಸರಿಯುವವರೆಗೆ ಬ್ರೇಕ್ ಹಿಡಿದು ಕಾದು, ಆಮೇಲೆ ಒಮ್ಮೆಗೆ ಮುಂದೆ ಹೋಗುವುದು ಇಂಥ ಕಾರುಗಳಿಗೆ ಒಳ್ಳೆಯದು. (ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ.)

ಟಾರ್ಕ್ ಕನ್ವರ್ಟರ್ ಎಂಬ ಇನ್ನೊಂದು ಬಗೆಯ ಗೇರ್‌ಬಾಕ್ಸ್‌ನಲ್ಲಿ ಎಂಜಿನ್ನಿನ ಬಲ ಆಯಿಲ್ ಮೂಲಕ ದಾಟುವುದರಿಂದ ತೆವಳಾಟವನ್ನು ಅದು ಚೆನ್ನಾಗಿ ತಾಳಿಕೊಳ್ಳುತ್ತದೆ. ನಗರದೊಳಗೇ ಹೆಚ್ಚು ಓಡಿಸುವವರು, ಕೈಯಲ್ಲಿ ಹಣವಿದ್ದರೆ, ಇದನ್ನೋ, ಹಂತ ಹಂತದ ಗೇರುಗಳ ಬದಲು ಬೆಲ್ಟ್, ಪುಲ್ಲಿಗಳಿರುವ ಸಿವಿಟಿಯನ್ನೋ ಆರಿಸಿಕೊಳ್ಳಲಿ. ಆದರೆ ಗೇರ್‌ಬಾಕ್ಸ್ ಆಯಿಲನ್ನು ಎಂದೂ ಬದಲಿಸಬೇಕಿಲ್ಲ ಎಂಬ ಮಾತನ್ನು ನಂಬಬೇಡಿ. ನಮ್ಮ ಬಿಸಿಲಿಗೂ ಟ್ರಾಫಿಕ್‌ಗೂ ಆಯಿಲ್ ಹಳಸುತ್ತದೆ.

ಘಾಟಿಯ ವಿಷಯದಲ್ಲಿ ಮಾತ್ರ ನಾನು ಇಂದಿಗೂ ಮ್ಯಾನ್ಯುವಲ್ ಪಕ್ಷಪಾತಿ. ಆಗುಂಬೆಯ ಹೇರ್‌ಪಿನ್ ತಿರುವುಗಳಲ್ಲಿ ಎರಡನೇ ಗೇರಿಗೆ ಹಾಕಿ ಇಳಿದರೆ ಎಂಜಿನ್ನೇ ಕಾರನ್ನು ಹಿಡಿದುಕೊಳ್ಳುತ್ತದೆ. ಆಟೋಮ್ಯಾಟಿಕ್ ಇರುವವರು ಇಳಿಜಾರಿನುದ್ದಕ್ಕೂ ‘ಡಿ’ (ಡ್ರೈವ್)ಯಲ್ಲೇ ಬಿಟ್ಟು ಬ್ರೇಕ್ ಒತ್ತುತ್ತಾ ಹೋದರೆ ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳುವ ಅಪಾಯವಿದೆ. ಮ್ಯಾನ್ಯುವಲ್ ಮೋಡ್ ಅಥವಾ ‘ಎಲ್’ (ಕೆಳಗಿನ ಗೇರಿನಲ್ಲೇ ಉಳಿಸುವ ‘ಲೋ’ ಸ್ಥಾನ) ಇರುವುದು ಅದಕ್ಕಾಗಿಯೇ. ಕಾರು ಕೈಗೆ ಕೊಡುವ ದಿನವೇ ಅದರ ಬಳಕೆಯನ್ನು ಷೋರೂಮಿನವರು ಹೇಳಿಕೊಡಬೇಕು, ಕ್ಲಚ್ ಬದಲಿಸಲು ಎಷ್ಟು ಖರ್ಚಾಗುತ್ತದೆ ಎಂಬುದನ್ನು ಬುಕಿಂಗ್‌ಗೂ ಮೊದಲೇ ಬರೆದು ಕೊಡಬೇಕು.