ಸಿಗದವರು ಯಾರು, ಹುಡುಕದವರು ಯಾರು?

"ಇಲ್ಲಿಯ ಹುಡುಗರು ಎಚ್‌ಐವಿ ಸಮೀಕ್ಷೆ ಎಂದರೆ ಕೈಗೇ ಸಿಗುವುದಿಲ್ಲ." ಕಾರವಾರದಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಹೀಗೆನ್ನುವವರು ಒಮ್ಮೆ ತಮ್ಮ ಆನ್‌ಲೈನ್ ಫಾರ್ಮನ್ನೇ ತೆರೆದು ನೋಡಲಿ. ಮೊದಲ ಪುಟದಲ್ಲಿ ಹೆಸರು, ಮೊಬೈಲ್ ಸಂಖ್ಯೆ, ಊರು. ಎರಡನೆಯದರಲ್ಲಿ ಯಾರ ಜೊತೆ, ಎಷ್ಟು ಸಲ, ಕಾಂಡೋಮ್ ಬಳಸಿದಿರಾ. ಬುದ್ಧಿ ಇರುವ ಯಾರೂ ಅಲ್ಲಿಂದ ಮುಂದೆ ಹೋಗುವುದಿಲ್ಲ. ಅಂಕೋಲೆಯಲ್ಲಿ ಅಪರಿಚಿತರ ಮೊದಲ ಪ್ರಶ್ನೆಯೇ "ಯಾರ ಮಗ?" ಎಂದಿರುವಾಗ, ರಕ್ತಪರೀಕ್ಷೆಗೆಂದು ಕಾಳಿ ನದಿ ದಾಟಿ ಗೋವಾದ ಮಡಗಾಂವಿಗೆ ಹೋಗಿಬರುವವರನ್ನು ನಾನು ಬಲ್ಲೆ.

ಭಾಗವಹಿಸಿದವರಿಗೆ ಹಣ ಕೊಡುವುದು ನ್ಯಾಯವೇ. ಆದರೆ ಒಂದು ಸಮೀಕ್ಷೆಯವರು ಅದನ್ನು ಯುಪಿಐ ಮೂಲಕ ಕಳಿಸಿದರು. ಖಾತೆ ಹುಡುಗನದು, ಬ್ಯಾಂಕಿನ ಸಂದೇಶ ಬರುವುದು ಅವನ ತಾಯಿಯ ಮೊಬೈಲಿಗೆ. ಕಳಿಸಿದ ಸಂಸ್ಥೆಯ ಹೆಸರಿನಲ್ಲೇ 'ಏಡ್ಸ್' ಇತ್ತು. ನೂರು ರೂಪಾಯಿಗೆ ಆ ಮನೆಯಲ್ಲಿ ಎದ್ದ ಪ್ರಶ್ನೆಗಳು ಇನ್ನೂ ತಣ್ಣಗಾಗಿಲ್ಲ.

ಋತುವಿನ ಲೆಕ್ಕವೂ ಇವರಿಗಿಲ್ಲ. ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೋಟುಗಳು ದಡದಲ್ಲಿರುತ್ತವೆ, ಒಡಿಶಾ, ಜಾರ್ಖಂಡ್‌ಗಳಿಂದ ಬಂದ, ಬೋಟಿನಲ್ಲಿ ದುಡಿಯುವ ಕಲಾಸಿಗಳು ಊರಿಗೆ ಹೋಗಿರುತ್ತಾರೆ. ಆಗ ಬೈತಖೋಲ್ ಬಂದರಿನಲ್ಲಿ ಕ್ಯೂಆರ್ ಕೋಡ್ ಅಂಟಿಸಿ, ಅದೂ ಕನ್ನಡದಲ್ಲಿ ಮಾತ್ರ, 'ವಲಸೆ ಕಾರ್ಮಿಕರು ಸ್ಪಂದಿಸಲಿಲ್ಲ' ಎಂದು ವರದಿ ಬರೆದರೆ ಹೇಗೆ?

ಕಾನೂನಿನಲ್ಲಿ ಕೊರತೆಯಿಲ್ಲ. 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ ಕಾಯ್ದೆ ಪರೀಕ್ಷೆಗೆ ಒಪ್ಪಿಗೆ ಬೇಕು, ಗುಟ್ಟು ಕಾಯಬೇಕು ಎನ್ನುತ್ತದೆ. ಅದಕ್ಕೆ ನಾಲ್ಕು ದಿನ ಮೊದಲು ಸುಪ್ರೀಂ ಕೋರ್ಟ್, ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮಿನ ಭಯವನ್ನೂ ಒಪ್ಪಿಗೆಯುಳ್ಳ ವಯಸ್ಕರ ಮಟ್ಟಿಗೆ ತೆಗೆದಿತ್ತು. ಆದರೆ ಹದಿನೇಳರ ಹುಡುಗನಿಗೆ ಅಪ್ಪನ ಸಹಿ ತಾ ಎಂದರೆ, ಬರಬೇಡ ಎಂದೇ ಅರ್ಥ. ಈ ಗಂಟನ್ನು ಬಿಡಿಸಬೇಕಾದವರು ಸಂಶೋಧನೆಯ ನೈತಿಕ ಸಮಿತಿಯವರು, ಆ ಹುಡುಗನಲ್ಲ.

ಹೆಸರು ಕೇಳದಿದ್ದರೆ ಹಣಕ್ಕಾಗಿ ಒಬ್ಬನೇ ಹತ್ತು ಸಲ ತುಂಬುತ್ತಾನೆ ಎಂಬ ಆತಂಕ ಸುಳ್ಳಲ್ಲ. ಅದಕ್ಕೂ ದಾರಿಯಿದೆ. ಭಾಗವಹಿಸಿದ ಪ್ರತಿಯೊಬ್ಬರಿಗೂ ಎರಡೋ ಮೂರೋ ಕೂಪನ್ ಸಂಖ್ಯೆ ಕೊಟ್ಟು, ನಂಬಿಕೆಯ ಗೆಳೆಯರಿಗೆ ದಾಟಿಸಲು ಹೇಳುವ ಪದ್ಧತಿ 1990ರ ದಶಕದಿಂದಲೂ ಬಳಕೆಯಲ್ಲಿದೆ. ಒಂದು ಸಂಖ್ಯೆಗೆ ಒಂದೇ ಉತ್ತರ. ಅದೇ ಸಂಖ್ಯೆ ತೋರಿಸಿ ಹಣವನ್ನು ನಗದಾಗಿ ಪಡೆಯಬಹುದು. ಗೆಳೆಯರಿಂದ ಗೆಳೆಯರಿಗೆ ಹೋಗುವುದರಿಂದ ಒಂದೇ ಬಗೆಯವರು ಹೆಚ್ಚು ಸೇರಿಕೊಳ್ಳುತ್ತಾರೆ, ಒಪ್ಪುತ್ತೇನೆ. ಅದನ್ನು ಸರಿದೂಗಿಸುವ ಲೆಕ್ಕಾಚಾರವೂ ಇದೆ. ಮೊಬೈಲ್ ಸಂಖ್ಯೆ ಕೇಳುವುದು ಸುಲಭ, ಇದಕ್ಕೆ ಕೆಲಸ ಹೆಚ್ಚು. ಸಂಬಳ ಪಡೆಯುವವರು ಆ ಕೆಲಸ ಮಾಡಲಿ.