ಮೊದಲು ಕಾಗದ ತೋರಿಸಿ, ಆಮೇಲೆ ದುಡ್ಡಿನ ಮಾತು

ಭಾನುವಾರದಿಂದ ಸಿಟ್ಟು ಇಳಿದಿಲ್ಲ. ಬರೆದೇ ಬಿಡುತ್ತೇನೆ.

ಚಿಕ್ಕಮ್ಮನ ಮಗ ಮೊದಲ ಸಲ ಮನೆ ಕೊಳ್ಳಲು ಓಡಾಡುತ್ತಿದ್ದಾನೆ. ನಾನು ಬ್ಯಾಂಕಿನಲ್ಲಿ ಹೋಮ್ ಲೋನ್ ನೋಡುವವಳು ಅಂತ ನಿಮಗೆಲ್ಲ ಗೊತ್ತಲ್ಲ. "ಅಕ್ಕ, ಸುಮ್ನೆ ಒಂದ್ಸಲ ಬಂದು ನೋಡು" ಅಂದ. ಹೋದೆ. ಕೆಂಗೇರಿ ಆಚೆ, 20x30 ಅಡಿ ಸೈಟಿನಲ್ಲಿ ಹಳೇ ಮನೆ. 80 ಲಕ್ಷ ಹೇಳುತ್ತಿದ್ದರು. ಮನೆ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಸಂಪು ಇದೆ, ಕಾವೇರಿ ನೀರಿದೆ, ಹಿತ್ತಲಲ್ಲಿ ಕರಿಬೇವಿನ ಗಿಡ ಇದೆ. ಅವನ ಹೆಂಡತಿ ಆಗಲೇ ಫ್ರಿಜ್ ಎಲ್ಲಿಡೋದು ಅಂತ ಜಾಗ ನೋಡುತ್ತಿದ್ದಳು.

ಪೇಪರ್ಸ್ ತೋರಿಸಿ ಅಂದೆ. ಬ್ರೋಕರ್ ಮೊಬೈಲ್ ತೆಗೆದು ಒಂದು ಫೋಟೋ ತೋರಿಸಿದ. ಖಾತೆಯದ್ದು. ಅದರಲ್ಲೂ ಅರ್ಧ ಅವನ ಹೆಬ್ಬೆರಳಿನ ಕೆಳಗೆ. ಮಿಕ್ಕಿದ್ದೆಲ್ಲ ಎಲ್ಲಿ ಅಂದರೆ, "ಎಲ್ಲಾ ಕ್ಲಿಯರ್ ಇದೆ ಮೇಡಂ. 2 ಲಕ್ಷ ಟೋಕನ್ ಹಾಕಿ, ಪೂರ್ತಿ ಸೆಟ್ ಜೆರಾಕ್ಸ್ ಕೊಡ್ತೀವಿ. ಸಂಜೆ ಇನ್ನೊಂದು ಪಾರ್ಟಿ ಬರ್ತಾ ಇದೆ."

ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಸೆಕೆಂಡ್‌ಹ್ಯಾಂಡ್ ಸ್ಕೂಟರ್ ಕೊಳ್ಳುವಾಗ ಆರ್‌ಸಿ ನೋಡದೆ ಯಾರೂ ಸಾವಿರ ರೂಪಾಯಿ ಕೊಡಲ್ಲ. ಮನೆಗೆ ಮಾತ್ರ, ಜೀವಮಾನದ ದುಡಿಮೆ ಸುರಿಯುವ ಕಡೆ, ಮೊದಲು ದುಡ್ಡು, ಆಮೇಲೆ ಕಾಗದ. ಇದು ಯಾವ ನ್ಯಾಯ?

ಇದರ ಫಲ ಏನು ಅಂತ ನನ್ನ ಟೇಬಲ್ ಮುಂದೆ ಕೂತವರನ್ನು ಕೇಳಬೇಕು. ಅಡ್ವಾನ್ಸ್ ಕೊಟ್ಟ ಮೇಲೆ ಕಾಗದದ ಕಟ್ಟು ಕೈಗೆ ಸಿಕ್ಕಿರುತ್ತದೆ. ನಮ್ಮ ವಕೀಲರು ನೋಡಿದರೆ ಮಧ್ಯದಲ್ಲಿ ಒಂದು ಸಲ ಮನೆ ಬರೀ ಜಿಪಿಎ, ಅಂದರೆ ಅಧಿಕಾರಪತ್ರದ ಮೇಲೆ ಕೈ ಬದಲಾಗಿದೆ. ಜಿಪಿಎ ಮೇಲೆ ನಡೆದ ಮಾರಾಟದಿಂದ ಒಡೆತನ ಬರಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಸಾಲ ಆಗಲ್ಲ ಅನ್ನುತ್ತೇವೆ. "ಮೇಡಂ, ಅಡ್ವಾನ್ಸ್ ಕೊಟ್ಟಾಗಿದೆ, ಹೇಗಾದ್ರೂ ಮಾಡಿ" ಅಂತ ಅವರು ಕಣ್ಣಲ್ಲಿ ನೀರು ತಂದುಕೊಳ್ಳುತ್ತಾರೆ. ನಾನೇನು ಮಾಡಲಿ? ಮಾರುವವನು ತೆಗೆದುಕೊಂಡ ದುಡ್ಡನ್ನು ವಾಪಸ್ ಕೊಡಲ್ಲ. ಬರೆದುಕೊಟ್ಟಿದ್ದು ಒಂದು ಚೀಟಿಯೂ ಇರಲ್ಲ.

ಮೊದಲೇ ಅವರ ಕೈಯಲ್ಲಿರುವುದು ಲೆಕ್ಕಾಚಾರದ ದುಡ್ಡು. 80 ಲಕ್ಷದ ಮನೆಗೆ ಬ್ಯಾಂಕು ಹೆಚ್ಚೆಂದರೆ 64 ಲಕ್ಷ ಕೊಡುತ್ತದೆ. 16 ಲಕ್ಷ ನಾವೇ ಹೊಂದಿಸಬೇಕು. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಲ್ಲಿ ಶೇ. 1ರಿಂದ ಶೇ. 2 ಆಯಿತು. ಅದರ ಜೊತೆ ಸ್ಟಾಂಪ್ ಡ್ಯೂಟಿ, ಸೆಸ್, ಸರ್‌ಚಾರ್ಜ್ ಎಲ್ಲಾ ಸೇರಿ ಬೆಂಗಳೂರಿನಲ್ಲಿ ಶೇ. 7.6. ಅಂದರೆ ಇನ್ನೂ 6 ಲಕ್ಷದ ಮೇಲೆ. ಇದಕ್ಕೆ ಸಾಲ ಸಿಗಲ್ಲ. ಒಡವೆ ಅಡವಿಟ್ಟು, ಪಿಎಫ್ ತೆಗೆದು ಸೇರಿಸಿದ ಈ ದುಡ್ಡಿನಿಂದಲೇ ಆ ಟೋಕನ್ ಹೋಗಿರುತ್ತದೆ.

ಕೆಂಗೇರಿ ಮನೆಯ ವಿಷಯಕ್ಕೆ ಬರುತ್ತೇನೆ. ಖಾತೆ ಯಾರ ಹೆಸರಲ್ಲಿದೆ ಅಂತ ಕೇಳಿದೆ. ಮಾರುವವರು ಅಲ್ಲೇ ಇದ್ದರು. "ತಂದೆಯವರ ಮನೆ, ಅವರು ಹೋದ ಮೇಲೆ ನಾವು ಇಬ್ಬರು ಅಣ್ಣತಮ್ಮಂದಿರ ಹೆಸರಿಗೆ ಮಾಡಿಸಿಕೊಂಡಿದ್ದೀವಿ." ಅಕ್ಕತಂಗಿಯರು? "ಇದಾರೆ. ಅವರಿಗೆಲ್ಲ ಮದುವೆ ಆಗಿದೆ."

ಮದುವೆ ಆಗಿದೆ! ಅಪ್ಪ ಸ್ವಂತ ದುಡಿಮೆಯಲ್ಲಿ ಕಟ್ಟಿದ ಮನೆ, ವಿಲ್ ಬರೆಯದೆ ತೀರಿಕೊಂಡಿದ್ದಾರೆ ಅಂದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದಲೇ ಹೆಣ್ಣುಮಕ್ಕಳಿಗೂ ಸಮಪಾಲು. ಪಿತ್ರಾರ್ಜಿತ ಆದರೆ 2005ರ ತಿದ್ದುಪಡಿ ಇದೆ, ಅದನ್ನು ಇನ್ನಷ್ಟು ಗಟ್ಟಿ ಮಾಡಿದ 2020ರ ಸುಪ್ರೀಂ ಕೋರ್ಟ್ ತೀರ್ಪು ಇದೆ. ಮದುವೆ ಆದ ಮಾತ್ರಕ್ಕೆ ಪಾಲು ಎಲ್ಲಿಗೂ ಹೋಗಲ್ಲ. ಖಾತೆ ಅನ್ನುವುದು ಕಂದಾಯ ಕಟ್ಟಲು ಇರುವ ದಾಖಲೆ, ಒಡೆತನದ ಪತ್ರ ಅಲ್ಲ. ಅದರಲ್ಲಿ ಅಕ್ಕತಂಗಿಯರು ಕಾಣಲ್ಲ. ಇಸಿ, ಅಂದರೆ ಋಣಭಾರ ಪ್ರಮಾಣಪತ್ರ ತೆಗೆದರೂ ಕಾಣಲ್ಲ. ಅದರಲ್ಲಿ ಬರುವುದು ನೋಂದಣಿಯಾದ ವ್ಯವಹಾರ ಮಾತ್ರ. ಅವರು ಕಾಣುವುದು ವಂಶವೃಕ್ಷದಲ್ಲಿ. ಅದು "ಪೂರ್ತಿ ಸೆಟ್"ನಲ್ಲಿ, 2 ಲಕ್ಷ ಕೊಟ್ಟ ಮೇಲೆ! ಆ ಅಕ್ಕತಂಗಿಯರು ನಾಳೆ ಕೋರ್ಟಿಗೆ ಹೋದರೆ ಅಲೆಯಬೇಕಾದವನು ನನ್ನ ತಮ್ಮ. ತಮ್ಮನಿಗೆ ಅಲ್ಲೇ ಹೇಳಿದೆ, ಅವರೆಲ್ಲರ ಸಹಿ ಬರುವವರೆಗೆ ಒಂದು ರೂಪಾಯಿಯೂ ಬೇಡ ಅಂತ.

ಮಾರುವವರ ಕಷ್ಟವೂ ಇದೆ ಅನ್ನುತ್ತಾರೆ ಕೆಲವರು. ಟೈಂಪಾಸ್‌ಗೆ ಬಂದು ನೋಡುವವರು ಜಾಸ್ತಿ, ಜೆರಾಕ್ಸ್ ಕೊಟ್ಟರೆ ನಕಲಿ ಪತ್ರ ಸೃಷ್ಟಿಸುತ್ತಾರೆ ಅಂತ. ಆ ಭಯ ಸುಳ್ಳಲ್ಲ, ಅಂಥ ಮೋಸ ಆಗುತ್ತವೆ. ಆದರೆ 2 ಲಕ್ಷ ಕೊಟ್ಟವನು ನಕಲಿ ಮಾಡಲ್ಲ ಅಂತ ಏನು ಗ್ಯಾರಂಟಿ? ನೋಂದಣಿಯಾದ ಕ್ರಯಪತ್ರ ಗುಟ್ಟಿನ ವಸ್ತುವೇ ಅಲ್ಲ. 1908ರ ನೋಂದಣಿ ಕಾಯ್ದೆಯ ಪ್ರಕಾರ ಶುಲ್ಕ ಕಟ್ಟಿದರೆ ಅದರ ದೃಢೀಕೃತ ನಕಲು ಸಿಗುತ್ತದೆ. ಇಸಿಗೆ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಅರ್ಜಿ ಹಾಕಬಹುದು. ಅಷ್ಟು ಹೆದರಿಕೆ ಇದ್ದರೆ ಜೆರಾಕ್ಸ್ ಮೇಲೆ ಅಡ್ಡಗೆರೆ ಎಳೆದು, "ಪರಿಶೀಲನೆಗೆ ಮಾತ್ರ" ಅಂತ ಬರೆದು, ತಾರೀಖು ಹಾಕಿ ಕೊಡಿ. ಕೊಡಲೇಬಾರದು ಅನ್ನುವುದನ್ನು ನಾನು ಒಪ್ಪಲ್ಲ.

ಹೊಸ ಫ್ಲಾಟ್ ಆದರೆ ರೇರಾ ಕಾಯ್ದೆ ಇದೆ. ಕರಾರು ನೋಂದಣಿ ಮಾಡದೆ ಬಿಲ್ಡರ್ ಬೆಲೆಯ ಶೇ. 10ಕ್ಕಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ. ಹಳೇ ಮನೆ ಕೊಳ್ಳುವವನಿಗೆ ಅಂಥದ್ದೊಂದು ಆಸರೆ ಇಲ್ಲ. ಬ್ರೋಕರ್ ಹೇಳಿದ್ದೇ ಕಾನೂನು.

ನನಗೆ ಇದು ಇಷ್ಟು ನಾಟಲು ಇನ್ನೊಂದು ಕಾರಣ ಇದೆ. ಮೈಸೂರಿನ ಅಪ್ಪನ ಮನೆ ಮಾರುವಾಗ ಅಣ್ಣ ಬ್ರೋಕರ್‌ಗೆ ಹೇಳುವ ಮುಂಚೆ ನನಗೆ ಫೋನ್ ಮಾಡಿದ್ದ. "ನೀನು ಸಹಿ ಹಾಕೋದಾದ್ರೆ ಮಾತ್ರ ಮಾರೋಣ" ಅಂದ. ನಾನು ಅತ್ತುಬಿಟ್ಟೆ. ಮನೆ ಹೋಗುತ್ತಿದೆ ಅಂತ ಅಲ್ಲ, ನನ್ನನ್ನು ಕೇಳಿದ ಅಂತ. ಅಮ್ಮ ಕಂದಾಯದ ರಸೀದಿಗಳನ್ನೆಲ್ಲ ವರ್ಷದ ಪ್ರಕಾರ ಗುಂಡುಪಿನ್ನು ಚುಚ್ಚಿ, ಸೀರೆ ಅಂಗಡಿಯ ಕವರಿನಲ್ಲಿ ಇಟ್ಟಿದ್ದಳು. ಪಿನ್ನುಗಳು ತುಕ್ಕು ಹಿಡಿದು ಕಾಗದಕ್ಕೆ ಕಂದು ಕಲೆ ಬಿದ್ದಿತ್ತು. ಆ ರಸೀದಿ, ಮೂಲ ಕ್ರಯಪತ್ರ, ಇಸಿ, ಖಾತೆ, ಅಪ್ಪನ ಮರಣ ಪ್ರಮಾಣಪತ್ರ, ವಂಶವೃಕ್ಷ, ಎಲ್ಲದರ ಜೆರಾಕ್ಸ್ ಸೆಟ್ ಮಾಡಿ, ಮನೆ ಇಷ್ಟ ಆಯ್ತು ಅಂದ ಪ್ರತಿಯೊಬ್ಬರಿಗೂ ಕೊಟ್ಟೆವು. ಯಾರ ಹತ್ತಿರವೂ ಟೋಕನ್ ಕೇಳಲಿಲ್ಲ. ಕೊಂಡವರು ಅವರ ವಕೀಲರಿಗೆ ತೋರಿಸಿ, ಒಪ್ಪಿಗೆಯಾದ ಮೇಲೆ ಕರಾರು ಬರೆಸಿದರು. ಅಮ್ಮ, ಅಣ್ಣ, ನಾನು ಮೂವರೂ ಸಹಿ ಹಾಕಿದೆವು. ಅಡ್ವಾನ್ಸ್ ಚೆಕ್ಕಿನ ನಂಬರ್ ಕರಾರಿನಲ್ಲೇ ಬರೆದಿತ್ತು.

ನಿಮ್ಮಲ್ಲಿ ಯಾರಾದರೂ ಮನೆ, ಸೈಟು ನೋಡುತ್ತಿದ್ದರೆ, ಎದುರಿಗಿರುವವರು ಕಾಗದಕ್ಕೆ ಮುಂಚೆ ಟೋಕನ್ ಕೇಳಿದರೆ, ನನಗೆ ಮೆಸೇಜ್ ಮಾಡಿ. ಯಾವ ಕಾಗದ ಕೇಳಬೇಕು ಅಂತ ಪಟ್ಟಿ ಕಳಿಸುತ್ತೇನೆ. ರಾತ್ರಿ ಹತ್ತಾದರೂ ಪರವಾಗಿಲ್ಲ. ದುಡ್ಡು ಕೊಡುವ ಮುಂಚೆ ಮಾಡಿ.